ಗುಬ್ಬಿ ಇಲ್ಲದ ದೋಣಿ

ನವೆಂಬರ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಇಂಜಿನಿಯರ್ ಸಾಹೇಬರಿಗೆ,

ನಿನ್ನ ಹಡಗಿನ ಇಂಜಿನ್ನು ಮತ್ತು ನಿನ್ನ ಸೊಂಟ ಎರಡೂ ತಕರಾರು ಮಾಡದೆ ನಡೆಯುತ್ತಿವೆ ಅಂದುಕೊಂಡಿದ್ದೇನೆ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಮಾತಾಡಿದೆವಲ್ಲ ಅನ್ನಬೇಡ, ಅದೊಂದು ಮಾತೇ ಅಲ್ಲ. ‘ಊಟ ಆಯ್ತಾ’, ‘ಆಯ್ತು’, ‘ಕೇಳಿಸ್ತಿದ್ಯಾ’, ‘ಇಲ್ಲ’, ಅಷ್ಟರಲ್ಲಿ ಲೈನು ಪ್ರಾಣ ಬಿಡುತ್ತದೆ. ಕಾಗದವಾದರೆ ಬಂದರಿನ ಏಜೆಂಟ್ ಕೈಯಿಂದ ಇಸಿದುಕೊಂಡು, ಎಣ್ಣೆ ಕೈ ಒರೆಸಿಕೊಂಡು, ನಿಧಾನವಾಗಿ ಓದುತ್ತೀಯ. ಬರೆಯಲು ಕೂತು ಎಷ್ಟೋ ಸಲ ಹರಿದು ಹಾಕಿದೆ. ಇದನ್ನು ಹರಿಯುವುದಿಲ್ಲ.

ಮೊದಲು ಮನೆ ಸುದ್ದಿ. ಅಡುಗೆಮನೆಯ ನಲ್ಲಿ ರಿಪೇರಿಯಾಯಿತು. ನಲ್ಲಿಯವನು ಬಂದು ಅದನ್ನು ಬಿಟ್ಟು ಮನೆಯ ಬಾಕಿ ಎಲ್ಲದರ ಬಗ್ಗೆಯೂ ತಲೆ ತಿಂದು ಹೋದ. ಬಾಲ್ಕನಿಯ ಬಾಗಿಲು ಈಗಲೂ ಎತ್ತಿ ತಳ್ಳಿದರೆ ಮಾತ್ರ ಮುಚ್ಚುತ್ತದೆ, ಅದು ನೀನು ಬಂದ ಮೇಲೆ. ಲ್ಯಾಬಿನಲ್ಲಿ ಕೆಲಸಕ್ಕೆ ಬರವಿಲ್ಲ. ಜನರ ಹಲ್ಲು ಉದುರುವುದು ನಿಲ್ಲುವವರೆಗೆ ನನ್ನ ಹೊಟ್ಟೆಪಾಡಿಗೆ ತೊಂದರೆಯಿಲ್ಲ. ಹೋದ ವಾರ ಒಬ್ಬರ ಪೂರ್ತಿ ಕಟ್ಟುಹಲ್ಲಿನ ಸೆಟ್ಟು ಮಾಡಿದೆ. ಯಾರೋ ಏನೋ, ನನಗೆ ಬಂದದ್ದು ದವಡೆಯ ಅಚ್ಚು ಮಾತ್ರ. ಡಾಕ್ಟರು ಚೀಟಿಯಲ್ಲಿ, ‘ಮೊದಲಿನ ಹಾಗೇ ಮುಂದಿನ ಹಲ್ಲು ಸ್ವಲ್ಪ ಸೊಟ್ಟ ಇರಲಿ, ಇಲ್ಲದಿದ್ದರೆ ಹೆಂಡತಿ ಗುರುತಿಸುವುದಿಲ್ಲವಂತೆ’ ಎಂದು ಬರೆದಿದ್ದರು. ಮೇಣದಲ್ಲಿ ಆ ಸೊಟ್ಟ ಹಲ್ಲು ಕೂರಿಸುತ್ತ ಅವರಿಬ್ಬರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ನಗಬೇಡ. ‘ನಾಲ್ಕು ಹುಟ್ಟು’ ಸರಣಿಯ ಮುಂದಿನ ಭಾಗ ಬಂತು.

ನಿನಗೆ ನೆನಪಿರಲೇಬೇಕು. ರಜೆಗೆ ಬಂದಾಗಲೆಲ್ಲ ಸೋಫಾದ ಮೇಲೆ ಜಾಗ ಸಿಗದೆ ನೆಲದ ಮೇಲೆ ಕೂತು, ‘ಈ ತಾಯಿ ಮಗಳ ಕಾರ್ಟೂನು ಮುಗಿದರೆ ನನಗೂ ಒಂದು ಲೋಟ ನೀರು ಕೊಡಿ’ ಅನ್ನುತ್ತಿದ್ದೆಯಲ್ಲ, ಅದೇ ಜಪಾನಿನ ಅನಿಮೆ. ಶಾಲೆಯ ನಾಲ್ಕು ಹುಡುಗಿಯರು, ಒಂದು ಉದ್ದನೆಯ ದೋಣಿ, ಒಬ್ಬೊಬ್ಬಳ ಕೈಯಲ್ಲಿ ಒಂದೊಂದು ಹುಟ್ಟು. ನಮ್ಮ ಮರಿಗೆ ಎಂಟು ವರ್ಷವಿದ್ದಾಗ ಸೀತಾಳೆ ಸಿಡುಬು ಎದ್ದು ಜ್ವರದಲ್ಲಿ ಮಲಗಿದ್ದಳು, ಏನಾದರೂ ನೋಡಲಿ ಅಂತ ಹಾಕಿದೆ. ನಾನು ಬಟ್ಟೆ ಮಡಚುತ್ತ ಒಂದು ಕಣ್ಣು ಅತ್ತ ಇಟ್ಟಿದ್ದೆ. ಎರಡನೇ ಕಂತಿಗೆ ಬಟ್ಟೆ ಮರೆತೆ. ಜ್ವರ ಬಿಟ್ಟು ಅವಳು ಆಡಲು ಹೋದ ಮೇಲೂ ನಾನು ನೋಡುತ್ತ ಕೂತಿದ್ದೆ. ಅವಳು ಬಂದು, ‘ನನ್ನ ಬಿಟ್ಟು ನೋಡಿದ್ಯಾ, ನೀನು ಅಮ್ಮನಾ?’ ಅಂತ ಜಗಳ ತೆಗೆದಳು.

ಮೂರನೇ ಸೀಟಿನಲ್ಲಿ ಒಬ್ಬ ಕುಳ್ಳಿ ಇದ್ದಳು. ಬಾಯಿ ಮುಚ್ಚುತ್ತಿರಲಿಲ್ಲ, ಹುಟ್ಟು ಹಾಕುವ ಎಣಿಕೆ ತಪ್ಪಿಸುತ್ತಿದ್ದಳು, ಅವಳ ಹುಟ್ಟು ನೀರಿಗೆ ಸಿಕ್ಕಿಕೊಂಡು ದೋಣಿಯೇ ಓಲಾಡುತ್ತಿತ್ತು. ಮರಿ ಅವಳಿಗೆ ಗುಬ್ಬಿ ಅಂತ ಹೆಸರಿಟ್ಟಳು. ಆಮೇಲೆ ನಮ್ಮ ಮನೆಯಲ್ಲಿ ಅವಳಿಗೆ ಬೇರೆ ಹೆಸರೇ ಇರಲಿಲ್ಲ. ಲೆಕ್ಕ ತಪ್ಪಿದಾಗಲೆಲ್ಲ ಮರಿ, ‘ಗುಬ್ಬಿಗೂ ಬರಲ್ಲ’ ಅಂತ ಪಾರಾಗುತ್ತಿದ್ದಳು. ಆ ಸರಣಿ ಮುಗಿದದ್ದು ಸೋಲಿನಲ್ಲಿ. ಕೊನೆಯ ಪಂದ್ಯದಲ್ಲಿ ಗುಬ್ಬಿಯ ಹುಟ್ಟು ಸಿಕ್ಕಿಕೊಂಡಿತು, ಸೋತರು. ಯಾರೂ ಅವಳನ್ನು ಬೈಯಲಿಲ್ಲ. ನಾಲ್ವರೂ ದೋಣಿ ಹೊತ್ತುಕೊಂಡು ದಡ ಹತ್ತಿದರು, ಮುಂದಿನ ವರ್ಷ ನೋಡೋಣ ಅಂದರು, ಅಲ್ಲಿಗೆ ಮುಗಿಯಿತು. ಆ ‘ಮುಂದಿನ ವರ್ಷ’ಕ್ಕೆ ನಾವಿಬ್ಬರೂ ಕಾದೆವು. ಕಾಯುತ್ತ ಹಳೆಯದನ್ನೇ ಮತ್ತೆ ಮತ್ತೆ ನೋಡಿದೆವು. ಅವಳು ದೊಡ್ಡವಳಾದಳು, ಸ್ನೇಹಿತೆಯರ ಮುಂದೆ ಅಮ್ಮನ ಜೊತೆ ಕಾರ್ಟೂನು ನೋಡುತ್ತೇನೆ ಅನ್ನುವುದಕ್ಕೆ ನಾಚಿಕೊಂಡಳು, ಆದರೂ ನೋಡುವುದು ಬಿಡಲಿಲ್ಲ. ಮುಂದಿನ ಭಾಗ ಮಾಡುತ್ತಾರೆ ಅಂತ ಸುದ್ದಿ ಬಂದ ದಿನ ಶಾಲೆಯಿಂದ ಓಡಿಬಂದು ಲ್ಯಾಬಿನ ಬಾಗಿಲಲ್ಲೇ ನಿಂತು ಹೇಳಿದಳು. ‘ಒಬ್ಬಳೇ ನೋಡಿದ್ರೆ ನೋಡು’ ಅಂತ ಬೆರಳು ತೋರಿಸಿದಳು.

ಆ ವರ್ಷವೇ ಅವಳಿಗೆ ಮೆದುಳು ಜ್ವರ ಬಂದದ್ದು. ಒಂದು ವಾರ. ನೀನು ಸಮುದ್ರದ ನಡುವೆ ಇದ್ದೆ, ಹಡಗು ಬದಲಿಸಿ ವಿಮಾನ ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಿನಗೂ ಓದಲಾಗುವುದಿಲ್ಲ.

ಆಮೇಲೆ ಬಂದ ದಿನಗಳಲ್ಲಿ ನಾನು ಹೇಗೋ ಎದ್ದು ಕೆಲಸಕ್ಕೆ ಹೋದೆನಲ್ಲ, ‘ಗಟ್ಟಿಗಿತ್ತಿ’ ಅಂತ ಎಲ್ಲರೂ ಹೊಗಳಿದರಲ್ಲ, ಗಟ್ಟಿತನವೇನೂ ಇರಲಿಲ್ಲ. ಮುಂದೆ ಬರುವುದರಲ್ಲಿ ಅವಳಿಗೂ ಸೇರಿದ್ದು ಅಂತ ಒಂದೇ ಒಂದು ಉಳಿದಿತ್ತು. ಬಾಕಿಯೆಲ್ಲ ಹಿಂದೆ ಹೋಗಿತ್ತು. ಅವಳ ಬಟ್ಟೆ, ಚಪ್ಪಲಿ, ಶಾಲೆಯ ಚೀಲ, ಎಲ್ಲವೂ ಹಿಂದಿನವು. ಈ ಮುಂದಿನ ಭಾಗವೊಂದು ಮಾತ್ರ ಮುಂದಿತ್ತು. ಇದನ್ನು ನಿನಗೆ ಹೇಳಿದ್ದರೆ ನೀನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ, ಅದಕ್ಕೇ ಹೇಳಲಿಲ್ಲ.

ಕೊನೆಗೂ ಬಂತು. ಮೊದಲ ಕಂತಿನ ಶುಕ್ರವಾರ ಬೇಗ ಮನೆಗೆ ಬಂದು, ಸ್ನಾನ ಮಾಡಿ, ಸೋಫಾದ ನನ್ನ ಕಡೆಯಲ್ಲೇ ಕೂತು ಹಾಕಿದೆ.

ಕಥೆ ಹತ್ತು ವರ್ಷ ಮುಂದೆ ಹೋಗಿದೆ. ಹುಡುಗಿಯರೆಲ್ಲ ದೊಡ್ಡವರಾಗಿ ಯಾವುದೋ ಕಂಪನಿಯ ತಂಡದಲ್ಲಿದ್ದಾರೆ. ಅದೇ ಕ್ಯಾಪ್ಟನ್, ಅದೇ ಉದ್ದನೆಯವಳು, ಅದೇ ಮೂಗಿನ ಮೇಲೆ ಪಟ್ಟಿ ಹಾಕುವವಳು. ಮೂರನೇ ಸೀಟಿನಲ್ಲಿ ಮಾತ್ರ ಯಾರೋ ಹೊಸಬಳು, ನುಣ್ಣಗೆ ಕೂದಲು ಬಾಚಿದವಳು. ನಾನು ಕಾದೆ. ತಡವಾಗಿ ಬರುತ್ತಾಳೆ, ಗುಬ್ಬಿ ಯಾವಾಗ ಹೊತ್ತಿಗೆ ಸರಿಯಾಗಿ ಬಂದಿದ್ದಾಳೆ ಅಂದುಕೊಂಡೆ. ಆಮೇಲೆ ಆ ಹೊಸಬಳು ಕೇಳುತ್ತಾಳೆ, ‘ನನಗಿಂತ ಮೊದಲು ಈ ಸೀಟಲ್ಲಿ ಯಾರಿದ್ರು?’ ಕ್ಯಾಪ್ಟನ್ ಶೂ ದಾರ ಕಟ್ಟಿಕೊಳ್ಳುತ್ತ, ತಲೆ ಸಹ ಎತ್ತದೆ, ‘ಇದ್ಲು ಒಬ್ಬಳು. ಈಗ ಇಲ್ಲ’ ಅನ್ನುತ್ತಾಳೆ. ಎದ್ದು ಹೋಗುತ್ತಾಳೆ. ಅಷ್ಟೇ.

ಸತ್ತಳಾ, ಮದುವೆಯಾದಳಾ, ಕೈ ಮುರಿಯಿತಾ, ಏನೂ ಇಲ್ಲ. ಅವರ ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ.

ಮುಂದಿನ ಕಂತುಗಳನ್ನೂ ನೋಡಿದೆ. ವಾರಕ್ಕೊಂದು. ಬಿಡಬಹುದಿತ್ತು, ಬಿಡಲಾಗಲಿಲ್ಲ. ಹಳೆಯದರಲ್ಲಿ ನೀರಿಗೆ ತೂಕವಿತ್ತು. ಹುಟ್ಟು ಎಳೆದರೆ ನಮ್ಮ ಭುಜ ನೋಯುತ್ತಿತ್ತು. ಅಂಗೈಯ ಬೊಬ್ಬೆ, ಅದಕ್ಕೆ ಸುತ್ತಿದ ಪಟ್ಟಿ, ಪಟ್ಟಿಯ ಅಂಚಿನ ಕೊಳೆ, ಎಲ್ಲವನ್ನೂ ಕೂತು ಬಿಡಿಸಿದ್ದರು. ಈಗಿನ ನೀರು ಲ್ಯಾಬಿನ ನೆಲದ ಹಾಗೆ ಹೊಳೆಯುತ್ತದೆ, ಹುಟ್ಟು ಅದಕ್ಕೆ ತಾಗುವುದೇ ಇಲ್ಲ. ಅಂಗೈಗಳು ಹೂವಿನ ಹಾಗಿವೆ. ಮಾತೆತ್ತಿದರೆ ಗೆಲುವು, ಎಲ್ಲ ಪಂದ್ಯದಲ್ಲೂ ಗೆಲುವು. ಸೋತಾಗ ದೋಣಿ ಹೊತ್ತ ಹೆಗಲುಗಳನ್ನು ನೋಡಿ ಬೆಳೆದ ನಮಗೆ ಈ ಗೆಲುವನ್ನು ಕಟ್ಟಿಕೊಂಡು ಏನಾಗಬೇಕು.

ಅಭಿಮಾನಿಗಳ ಗುಂಪೊಂದಿದೆ ಆನ್‌ಲೈನಿನಲ್ಲಿ. ಅಲ್ಲಿ ನನ್ನ ಹೆಸರು ಹಲ್ಲಮ್ಮ, ಮರಿಯೇ ಇಟ್ಟದ್ದು. ಗುಬ್ಬಿಯ ಬಗ್ಗೆ ಉದ್ದಕ್ಕೆ ಬರೆದು ಹಾಕಿದೆ. ಒಂದಷ್ಟು ಜನ ಹೌದು ಅಂದರು. ಒಬ್ಬ ಬರೆದ, ‘ಹೊಸಬಳು ಹಳೇ ಹುಡುಗಿಗಿಂತ ಚೆನ್ನಾಗಿ ಹುಟ್ಟು ಹಾಕ್ತಾಳೆ ಆಂಟಿ, ಮುಂದೆ ನೋಡಿ.’ ಅವನಿಗೆ ಏನು ಗೊತ್ತು. ಅವನು ಹೇಳಿದ್ದರಲ್ಲಿ ತಪ್ಪೂ ಇಲ್ಲ, ನಿಜವಾಗಿಯೂ ಚೆನ್ನಾಗಿಯೇ ಹಾಕುತ್ತಾಳೆ. ನಾನು ಮತ್ತೆ ಆ ಗುಂಪಿಗೆ ಹೋಗಲಿಲ್ಲ.

ಲ್ಯಾಬಿನಲ್ಲಿ ನನ್ನ ಪಕ್ಕ ಅಚ್ಚು ಹೊಯ್ಯುವ ದೊಡ್ಡಮ್ಮ ಇದ್ದಾರಲ್ಲ, ಮೈತುಂಬ ಪ್ಲಾಸ್ಟರ್ ಪುಡಿ ಮೆತ್ತಿಕೊಂಡು ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಕಾಣುತ್ತಾರೆ ಅಂತ ನೀನು ತಮಾಷೆ ಮಾಡಿದ್ದೆ. ಒಂದು ಬೆಳಿಗ್ಗೆ ನನ್ನ ಕೈಯಿಂದ ಯಾರದೋ ಮೇಲ್ದವಡೆ ಜಾರಿ ಬಿದ್ದು ಎರಡು ಹೋಳಾಯಿತು. ಕೆಲಸಕ್ಕೆ ಸೇರಿದ ಮೇಲೆ ಹಾಗೆ ಆದದ್ದೇ ಇಲ್ಲ. ಅದನ್ನು ಹಿಡಿದುಕೊಂಡು ಅಳಲು ಶುರುಮಾಡಿದೆ.

‘ಇನ್ನೊಂದು ಹೊಯ್ದು ಕೊಡ್ತೀನಿ ಬಿಡೇ. ಅದಕ್ಯಾಕೆ ಅಳ್ತೀಯ’ ಅಂದರು.

‘ದೋಣಿಯಿಂದ ತೆಗೆದು ಹಾಕಿಬಿಟ್ರು ದೊಡ್ಡಮ್ಮ.’

‘ಯಾರನ್ನ?’

ಹೇಳಿದೆ. ಅವರು ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತರು. ಕಾರ್ಟೂನು ಅಂತ ಗೊತ್ತಾದ ಮೇಲೂ ನಗಲಿಲ್ಲ. ‘ನಿನ್ನ ಗಂಡನಿಗೆ ಹೇಳಿದ್ಯಾ?’ ಅಂತ ಮಾತ್ರ ಕೇಳಿದರು. ಇಲ್ಲ ಅಂದೆ. ‘ಅವನಿಗೆ ಬರಿ. ನಿನ್ನ ಅಳು ಈ ದವಡೆದೂ ಅಲ್ಲ, ಆ ದೋಣೀದೂ ಅಲ್ಲ’ ಅಂದರು.

ಮೊನ್ನೆ ಶುಕ್ರವಾರ ಕೊನೆಯ ಕಂತು ಬಂತು. ದೊಡ್ಡ ಪಂದ್ಯ, ದಡದ ತುಂಬ ಜನ. ಕಡೇಪಕ್ಷ ನೋಡಲಾದರೂ ಬಂದಿರುತ್ತಾಳೆ, ಜನರ ನಡುವೆ ಎಲ್ಲೋ ನಿಂತು ತಪ್ಪು ತಪ್ಪಾಗಿ ಎಣಿಸುತ್ತಿರುತ್ತಾಳೆ ಅಂತ ನಿಲ್ಲಿಸಿ ನಿಲ್ಲಿಸಿ ಹುಡುಕಿದೆ. ಪರದೆಗೆ ಮುಖ ಅಂಟಿಸಿಕೊಂಡು ಒಂದೊಂದು ಮುಖವನ್ನೂ ನೋಡಿದೆ. ಆಗ ಗೊತ್ತಾಯಿತು, ಅಲ್ಲಿ ಜನರೇ ಇಲ್ಲ. ಕೆಲವೇ ಮುಖಗಳನ್ನು ಬಿಡಿಸಿ ಅವನ್ನೇ ಸಾಲಾಗಿ ಅಂಟಿಸಿದ್ದಾರೆ. ಅದೇ ಟೊಪ್ಪಿ, ಅದೇ ಛತ್ರಿ, ಅದೇ ತೆರೆದ ಬಾಯಿ, ದಡದ ಉದ್ದಕ್ಕೂ. ಅಷ್ಟು ಕಡಿಮೆ ಮುಖಗಳಲ್ಲಿ ಒಂದು ಅವಳದ್ದು ಮಾಡಬಾರದಿತ್ತೇ. ಗೆದ್ದರು. ಕಪ್ ಎತ್ತಿದರು. ನಾನು ಟಿವಿ ಆರಿಸಿ ಅಲ್ಲೇ ಕೂತೆ.

ಇನ್ನು ನನ್ನ ಮುಂದೆ ಏನೂ ಇಲ್ಲ. ಹೆದರಬೇಡ, ಏನೂ ಮಾಡಿಕೊಳ್ಳುವುದಿಲ್ಲ. ನಾಳೆ ಬೆಳಿಗ್ಗೆ ಎದ್ದು ಹಲ್ಲು ಮಾಡುತ್ತೇನೆ. ಮುಂದೆ ಏನೂ ಇಲ್ಲ ಅಂತ ಗೊತ್ತಿದ್ದೂ ಕೆಲಸಕ್ಕೆ ಹೋಗಬಹುದು, ಅದಕ್ಕೇನೂ ಅಡ್ಡಿಯಿಲ್ಲ. ಅದೇ ನನಗೆ ದಿಗಿಲು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾರ ಎತ್ತಬೇಡ, ಎತ್ತುವುದಕ್ಕೆ ನಿನ್ನ ಕೈಕೆಳಗೆ ಜನರಿದ್ದಾರೆ. ಚಳಿಯ ಕಡೆಗೆ ಹೋಗುವುದಾದರೆ ಕಿವಿ ಮುಚ್ಚಿಕೋ. ನೀನಿರುವ ನೀರು ಶಾಂತವಾಗಿರಲಿ, ನಿನ್ನ ಇಂಜಿನ್ನು ಕೈಕೊಡದಿರಲಿ, ಹತ್ತಿದ ಹಡಗಿನಿಂದ ಹಾಗೇ ಇಳಿದು ಬಾ.

ಇಂತಿ ನಿನ್ನ,
ಮರಿಯ ಅಮ್ಮ

ಮ.ಬ.: ನೀನು ಕಳಿಸಿದ ಪೊಟ್ಟಣ ತಲುಪಿತು. ಮೇಲೆ ಬರೆಯಲಿಲ್ಲ, ಬರೆಯಲು ಕೈ ಬರಲಿಲ್ಲ. ರಜೆಗೆ ಬಂದ ನಿಮ್ಮ ಹಡಗಿನ ಅಡುಗೆಯವರು ತಾವೇ ಮನೆಗೆ ತಂದುಕೊಟ್ಟರು. ಅದು ಮೊದಲ ಕಂತು ಬಂದ ಶುಕ್ರವಾರದ ಹಿಂದಿನ ದಿನ. ಒಳ್ಳೆಯ ಮನುಷ್ಯ, ನಿನ್ನನ್ನು ಬಾಯಿತುಂಬ ಹೊಗಳಿದರು. ಟೀ ಕುಡಿಯುತ್ತ ಗೋಡೆಯ ಮೇಲಿನ ಫೋಟೋ ನೋಡಿ, ‘ಈ ಹುಡುಗಿ ಯಾರಮ್ಮ? ಸಾಹೇಬ್ರು ನಮಗೆ ಮಕ್ಕಳಿಲ್ಲ ಅಂತ ಹೇಳಿದ್ರಲ್ಲ’ ಅಂದರು.

ನಿನ್ನ ಮೇಲೆ ಸಿಟ್ಟು ಬರಲಿಲ್ಲ. ಊಟದ ಮೇಜಿನಲ್ಲಿ ಯಾರೋ ಕೇಳಿರುತ್ತಾರೆ. ಇದ್ದಳು ಅಂದರೆ ಹತ್ತು ಪ್ರಶ್ನೆ ಬರುತ್ತವೆ, ಇಲ್ಲ ಅಂದರೆ ಅಲ್ಲಿಗೆ ಮುಗಿಯುತ್ತದೆ, ತಟ್ಟೆಯಲ್ಲಿರುವುದನ್ನು ತಿಂದು ಏಳಬಹುದು. ಅದು ನನಗೆ ಅರ್ಥವಾಗುತ್ತದೆ. ಆದರೆ ಅವರು ಲೋಟ ಹಿಡಿದುಕೊಂಡು ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಹೌದು ಅಂದರೆ ನೀನು ಅವರ ಕಣ್ಣಲ್ಲಿ ಸುಳ್ಳುಗಾರನಾಗುತ್ತಿದ್ದೆ. ‘ನಮ್ಮ ಅಕ್ಕನ ಮಗಳು’ ಅಂದುಬಿಟ್ಟೆ.

‘ಹೌದಾ? ಮೂಗು ಥೇಟ್ ಸಾಹೇಬ್ರದ್ದೇ’ ಅಂದರು.

‘ಎಲ್ಲರೂ ಹಾಗೇ ಅಂತಾರೆ’ ಅಂದೆ. ನಕ್ಕೆ ಕೂಡ.

ಈಗ ಏನು ಓದುತ್ತಿದ್ದಾಳೆ ಅಂತ ಕೇಳಿದರು. ಕಾಲೇಜು ಅಂದೆ. ಚೆನ್ನಾಗಿ ಓದುತ್ತಾಳಾ ಅಂದರು. ಲೆಕ್ಕ ಒಂದು ಬರಲ್ಲ ಅಂದೆ. ಅವರು ಹೋದ ಮೇಲೆ ಫೋಟೋದ ಕಡೆ ತಿರುಗಲು ನನಗೆ ಧೈರ್ಯ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ಆ ಗೋಡೆಯ ಹತ್ತಿರ ಹೋಗಬೇಕಾದರೆ ನೆಲ ನೋಡಿಕೊಂಡು ಹೋಗುತ್ತೇನೆ.

ಇನ್ನೊಮ್ಮೆ ಯಾರಾದರೂ ಕೇಳಿದರೆ ಏನು ಹೇಳಬೇಕು ಅಂತ ನೀನೇ ಬರೆದು ತಿಳಿಸು. ಇಬ್ಬರೂ ಒಂದನ್ನೇ ಹೇಳೋಣ.