ನಾಲ್ಕನೇ ಪಾಠದ ಕೊನೆಯ ಸಾಲು

ಬುಧವಾರ, ಮಧ್ಯಾಹ್ನ ಮೂರು ಗಂಟೆ
ನಿನ್ನ ಕೋಣೆಯ ಹೊರಗಿನ ಬೆಂಚು

ಪ್ರೀತಿಯ ಅಕ್ಕಾ,

ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ನೀನು ಕ್ಷೇಮವೇ ಎಂದು ಕೇಳಿದರೆ ಅಧಿಕಪ್ರಸಂಗವಾಗುತ್ತದೆ. ನಾಳೆ ಬೆಳಿಗ್ಗೆ ಎಂಟಕ್ಕೆ ನಿನ್ನ ಗಂಟಲಿನ ಧ್ವನಿಪೆಟ್ಟಿಗೆಯನ್ನು ತೆಗೆಯುತ್ತಾರೆ. ನಾನು ಗೋಡೆಯ ಈಚೆ ಕೂತು ನಿನಗೆ ಕಾಗದ ಬರೆಯುತ್ತಿದ್ದೇನೆ. ಹತ್ತು ಹೆಜ್ಜೆ ಇಟ್ಟರೆ ನಿನ್ನ ಮಂಚ. ಊಟವಾದ ಮೇಲೆ ಎರಡು ಸಲ ಒಳಗೆ ಬಂದೆ. ಎರಡು ಸಲವೂ ನೀನು ಹಲಗೆಯ ಮೇಲೆ ‘ಏನೇ?’ ಎಂದು ಬರೆದು ತೋರಿಸಿದೆ. ಒಂದು ಸಲ ಕಿಟಕಿ ಮುಚ್ಚಲೇ ಎಂದು ಕೇಳಿದೆ, ಇನ್ನೊಂದು ಸಲ ತೆಗೆಯಲೇ ಎಂದು ಕೇಳಿದೆ. ನಿನಗೆ ಅನುಮಾನ ಬಂದಿದೆ ಎಂದು ನನಗೆ ಗೊತ್ತು.

ಭಯವಾಗುತ್ತಿದೆ ಅಕ್ಕಾ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಹೊಂದಿಸಿಕೊಂಡು ಓದು.

ಮೊದಲು ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಧೈರ್ಯ ಬರಲಿ ಎಂದು. ಆಪರೇಷನ್ ಆದ ಮೇಲೆ ನಿನಗೆ ದನಿ ಇರುವುದಿಲ್ಲ, ಆದರೆ ಮೊದಲೇ ರೆಕಾರ್ಡ್ ಮಾಡಿಟ್ಟರೆ ಯಂತ್ರವೊಂದು ನಿನ್ನದೇ ದನಿಯಲ್ಲಿ ಮಾತಾಡುತ್ತದೆ ಎಂದು ಸ್ಪೀಚ್ ಥೆರಪಿ ಮೇಡಂ ಹೇಳಿದ್ದರು. ತಮ್ಮ ರೆಕಾರ್ಡರನ್ನೂ ಕೊಟ್ಟರು. ಸದ್ದಿಲ್ಲದ ಜಾಗ ಎಲ್ಲಿದೆ ಎಂದು ಹುಡುಕಿ ಹುಡುಕಿ, ಕೊನೆಗೆ ನಿನ್ನ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಗಾಜು ಏರಿಸಿಕೊಂಡು ಕೂತೆವು. ಎರಡು ತಿಂಗಳ ಹಿಂದೆ, ಹನ್ನೊಂದು ದಿನ, ಬೆವರು ಸುರಿಸುತ್ತಾ. ಮೇಡಂ ಕೊಟ್ಟ ಮುನ್ನೂರು ವಾಕ್ಯ, ನೀನೇ ಸೇರಿಸಿದ ನೂರ ಹನ್ನೆರಡು. ಕಲಿಯಲು ಬರುವವರಿಗೆ ನೀನು ದಿನವೂ ಹೇಳುವ ಮಾತು ಅದರಲ್ಲಿತ್ತು: “ಕ್ಲಚ್ ಮೆತ್ತಗೆ ಬಿಡಿ, ಗಾಡಿ ಎಲ್ಲಿಗೂ ಓಡಿಹೋಗಲ್ಲ.” ಎಂಥ ಪುಕ್ಕಲನ ಕೈಯೂ ಆ ದನಿಗೆ ಸ್ಟೀರಿಂಗ್ ಮೇಲೆ ಸಡಿಲವಾಗುತ್ತಿತ್ತು. ನಿನ್ನ ಮರಿಗೆಂದು ಹೇಳಿದವು ಇದ್ದವು. ಹಲ್ಲುಜ್ಜಿದೆಯಾ, ಬಾಗಿಲು ಹಾಕಿಕೋ, ನಿದ್ದೆ ಬಂತಾ. ನಡುವೆ ಒಮ್ಮೆ ಮರಿ ಕಾರಿನ ಗಾಜಿಗೆ ಮೂಗು ಒತ್ತಿದಾಗ ನೀನು ನಕ್ಕಿದ್ದೂ ಅದರಲ್ಲಿತ್ತು.

ಇತ್ತು, ಇತ್ತು ಎಂದೇ ಬರೆಯುತ್ತಿದ್ದೇನೆ. ನಿನಗೆ ಅರ್ಥವಾಗಿರಬೇಕು.

ನಾನು ಆಗ ಹೊಸದಾಗಿ ಕ್ಲೌಡ್ ಕಲಿಯುತ್ತಿದ್ದೆ. ನಮ್ಮ ನಕ್ಷೆ ಬಿಡಿಸುವ ಆಫೀಸಿನ ಹಳೆಯ ನಕ್ಷೆಗಳನ್ನೆಲ್ಲ ಅಲ್ಲಿಗೆ ಸಾಗಿಸಬೇಕಿತ್ತು, ಕೋಡ್ ಬರೆದು ಸಾಗಿಸಲು ಯಾರು ಕಲಿಯುತ್ತೀರಿ ಎಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನು. ನಿನಗೂ ವಿವರಿಸಿದ್ದೆನಲ್ಲ, ಎಲ್ಲೋ ದೂರದ ದೊಡ್ಡ ಕಂಪ್ಯೂಟರಿನಲ್ಲಿ ಒಂದು ಮೂಲೆ ನಮ್ಮದಾಗುತ್ತದೆ, ಒಂದೊಂದೇ ಫೈಲ್ ಎಳೆದು ಹಾಕುವ ಬದಲು ಹತ್ತು ಸಾಲು ಕೋಡ್ ಬರೆದರೆ ಸಾವಿರ ಫೈಲ್ ತಾವಾಗಿ ಹೋಗಿ ಕೂರುತ್ತವೆ ಎಂದು. ಆ ಮೂಲೆಗೆ ಬಕೆಟ್ ಎನ್ನುತ್ತಾರೆ ಎಂದಾಗ, ಚೊಂಬು ಎಲ್ಲಿ ಎಂದು ಕೇಳಿ ನೀನು ಭಾವನನ್ನೂ ನಗಿಸಿದ್ದೆ.

ಮೇಡಂ ರೆಕಾರ್ಡರಿನ ಕಾರ್ಡನ್ನು ಹಾಗೇ ಕೊಡಿ, ಸಾಕು ಎಂದಿದ್ದರು. ಬೇಡ, ನಾನೇ ಅಚ್ಚುಕಟ್ಟಾಗಿ ಕ್ಲೌಡ್‌ನಿಂದ ಕಳಿಸುತ್ತೇನೆ ಎಂದೆ. ಜಂಭ, ಬೇರೇನಲ್ಲ. ನಾನೂರ ಹನ್ನೆರಡು ಫೈಲೂ ಹೋದವು. ಇಲ್ಲಿ ಎಣಿಸಿದೆ, ಅಲ್ಲಿ ಎಣಿಸಿದೆ, ಲೆಕ್ಕ ಸರಿಯಾಗಿತ್ತು. ರೆಕಾರ್ಡರ್ ಮುಂದಿನ ರೋಗಿಗೆ ಬೇಕಿತ್ತು, ಕಾರ್ಡ್ ಖಾಲಿ ಮಾಡಿ ಹಿಂತಿರುಗಿಸಿದೆ. ಕಂಪ್ಯೂಟರು ಆಫೀಸಿನದು, ಮನೆಯ ಸಾಮಾನು ಅದರಲ್ಲಿ ಇಟ್ಟುಕೊಳ್ಳುವಂತಿಲ್ಲ, ಅಲ್ಲಿಂದಲೂ ಅಳಿಸಿದೆ. ಮೇಡಂಗೆ ಕಳಿಸುವುದೊಂದು ಬಾಕಿ. ಬೇರೆಯವರಿಗೆ ಬಕೆಟ್ ನೋಡಲು ಒಪ್ಪಿಗೆ ಕೊಡುವುದು ನನ್ನ ಆನ್‌ಲೈನ್ ಕೋರ್ಸಿನ ಐದನೇ ಪಾಠದಲ್ಲಿತ್ತು. ಕಲಿತೇ ಕಳಿಸೋಣ ಎಂದು ತಡಮಾಡಿದೆ.

ಹೋದವಾರದ ಸೋಮವಾರ ನಾಲ್ಕನೇ ಪಾಠ ಮಾಡಿದೆ. ಹೊಸ ಬಕೆಟ್ ಮಾಡಿಕೊಳ್ಳಿ ಎಂದು ಮೇಲ್ಗಡೆಯೇ ಬರೆದಿತ್ತು. ಬಕೆಟ್ಟಿನ ಹೆಸರು ಲೋಕದಲ್ಲಿ ಇನ್ಯಾರೂ ಇಟ್ಟಿರದ ಹೆಸರಾಗಬೇಕು, ಮೊದಲ ಸಲ ನಾಲ್ಕು ಹೆಸರು ತಿರಸ್ಕಾರವಾಗಿ ಸಾಕಾಗಿಹೋಗಿತ್ತು. ಸೋಮಾರಿತನದಿಂದ ಇದ್ದ ಹೆಸರನ್ನೇ ಕೋಡಿಗೆ ತುಂಬಿದೆ. ನಿನ್ನ ದನಿ ಇದ್ದ ಬಕೆಟ್ಟಿನ ಹೆಸರು. ಕೋಡ್ ಚೆನ್ನಾಗಿ ಓಡಿತು. ಒಂದು ಚಿತ್ರ ಹಾಕಿತು, ಪಟ್ಟಿ ಮಾಡಿತು, ವಾಪಸ್ ಇಳಿಸಿಕೊಂಡಿತು. ಪಾಠ ಮುಗಿದ ಮೇಲೆ ಕಸ ಬಿಡಬಾರದಂತೆ, ಕೊನೆಯ ಸಾಲು ಬಕೆಟ್ಟನ್ನು ಖಾಲಿ ಮಾಡಿ ತೆಗೆದುಹಾಕುವುದು. ಖಂಡಿತವೇ ಎಂದು ಕೇಳಿತು. ಹೌದು ಎಂದು ಒತ್ತಿದೆ. ‘ಅಳಿಸಲಾಗಿದೆ’ ಎಂಬ ಸಾಲುಗಳು ಸರಸರ ಇಳಿಯತೊಡಗಿದವು. ಇಷ್ಟು ವೇಗವೇ ಎಂದು ನಾನು ಖುಷಿಪಟ್ಟೆ ಅಕ್ಕಾ. ಒಂದು ಚಿತ್ರ ಅಳಿಸಲು ಇಷ್ಟೊಂದು ಸಾಲು ಯಾಕೆ ಎಂದು ಹೊಳೆಯುವಷ್ಟರಲ್ಲಿ ಮುಗಿದುಹೋಗಿತ್ತು.

ಪರದೆಯ ಮೇಲೆ ಶಹಬ್ಬಾಸ್, ಪಾಠ ಪೂರ್ಣವಾಯಿತು ಎಂದು ಬಂತು. ಪಕ್ಕದ ಮೇಜಿನವರು ಏನಾಯಿತು ಎಂದರೆ ಏನಿಲ್ಲ ಎಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆ ಕ್ಲೌಡ್ ಕಂಪನಿಯವರಿಗೆ ಬರೆದೆ. ಅಳಿಸಿದ್ದು ಮರಳುವುದಿಲ್ಲ, ಹಳೆಯ ಪ್ರತಿಗಳನ್ನು ಉಳಿಸುವ ಸೌಲಭ್ಯವನ್ನು ನೀವು ಮೊದಲೇ ಆರಿಸಿಕೊಳ್ಳಬೇಕಿತ್ತು ಎಂದು ವಿನಯವಾಗಿ ಉತ್ತರ ಬಂತು. ಆ ಸೌಲಭ್ಯ ಆರನೇ ಪಾಠದಲ್ಲಿತ್ತು. ನಾನು ನಾಲ್ಕರಲ್ಲಿದ್ದೆ.

ಇಷ್ಟೇ ಆಗಿದ್ದರೆ ನೀನು ನನ್ನನ್ನು ಕ್ಷಮಿಸುತ್ತಿದ್ದೆ. ಇನ್ನು ಮುಂದಿನದು ಬರೆಯಲು ಕೈ ಬರುತ್ತಿಲ್ಲ. ಅದೇ ಸೋಮವಾರ ಸಂಜೆ ಮನೆಗೆ ಬಂದರೆ, ಆದಷ್ಟು ಕಡಿಮೆ ಮಾತಾಡಿ ಎಂದು ಡಾಕ್ಟರು ಹೇಳಿದ್ದನ್ನು ನೀನು ಪೂರಾ ಮೌನ ಮಾಡಿಕೊಂಡು ಹಲಗೆ ಹಿಡಿದು ಕೂತಿದ್ದೆ. ಭಾವ ಒಂದೆರಡು ಮಾತಾದರೂ ಆಡು ಎಂದರೆ, ‘ಯಾಕೆ, ನನ್ನ ದನಿ ಕುಳ್ಳಿ ಹತ್ತಿರ ಜೋಪಾನವಾಗಿದೆ’ ಎಂದು ಬರೆದು ತೋರಿಸಿದೆ. ಭಾವ ನನ್ನ ಕಡೆ ತಿರುಗಿ, ಎಲ್ಲ ಸೇಫ್ ತಾನೇ ಎಂದರು. ನಾನು ಹೂಂ ಎಂದೆ. ಅಂದಿನಿಂದ ಇವತ್ತಿಗೆ ಒಂಬತ್ತು ದಿನ. ಒಂಬತ್ತು ದಿನವೂ ನಿನಗೆ ದನಿ ಇತ್ತು, ನನ್ನನ್ನು ನಂಬಿ ನೀನು ಅದನ್ನು ಬಳಸಲಿಲ್ಲ. ದಿನಾ ನಾಳೆ ಹೇಳುತ್ತೇನೆ ಎಂದುಕೊಂಡೆ. ನಿನಗೆ ಈಗ ಗಾಬರಿ ಕೊಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು, ನನಗೆ ನನ್ನ ಭಯವೇ ದೊಡ್ಡದಾಗಿತ್ತು.

ಇವತ್ತು ಬೆಳಿಗ್ಗೆಯೂ ನಾನಾಗಿ ಹೇಳಲಿಲ್ಲ. ಮೇಡಂ ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿ, ಫೈಲ್ ಎಲ್ಲಿ ಎಂದು ಮೂರನೇ ಸಲ ಕೇಳಿದರು. ನಿಂತಲ್ಲೇ ಅತ್ತುಬಿಟ್ಟೆ. ಅವರು ಬಯ್ಯಲಿಲ್ಲ, ಗಡಿಯಾರ ನೋಡಿದರು. ಡಾಕ್ಟರನ್ನು ಕೇಳಿ ಬಂದರು. ಬೆಚ್ಚಗಿನ ನೀರು ಗುಟುಕರಿಸುತ್ತಾ ಒಂದು ಗಂಟೆ ಮಾತಾಡಿದರೆ ಅಪಾಯವಿಲ್ಲವಂತೆ. ಮುನ್ನೂರು ಬೇಡ, ನೂರು ವಾಕ್ಯವಿದ್ದರೂ ಯಂತ್ರಕ್ಕೆ ಹೇಗೋ ಸಾಕಂತೆ. ಆದರೆ ಸಂಜೆ ಆರರೊಳಗೆ ಆಗಬೇಕು, ಆಮೇಲೆ ನಾಳೆಯ ತಯಾರಿ ಶುರು. ಎರಡು ತಿಂಗಳ ಹಿಂದಿನ ದನಿ ಸಿಗುವುದಿಲ್ಲ, ಈಗಿನದು ಒಡಕು, ಅಲ್ಲಲ್ಲಿ ಕಟ್ಟುತ್ತದೆ. ಒಡಕು ದನಿಯೂ ಅವರದೇ ದನಿ ತಾನೇ ಎಂದರು ಮೇಡಂ. ಮೊದಲು ನೀವೇ ಹೋಗಿ ನಿಜ ಹೇಳಿ, ನಾನು ಹೇಳುವುದಿಲ್ಲ ಎಂದೂ ಅಂದರು.

ಆದ್ದರಿಂದ ಈ ಕಾಗದ. ಬಾಯಲ್ಲಿ ಹೇಳಲು ಹೋದರೆ ಮತ್ತೆ ಕಿಟಕಿಯ ಮಾತೇ ಬರುತ್ತದೆ. ಮುನಿಸಿಕೊಳ್ಳಲು ನಿನಗೆ ಮುಂದೆ ವರ್ಷಗಳಿವೆ, ಎಷ್ಟು ಬೇಕಾದರೂ ಮುನಿಸಿಕೋ. ಇವತ್ತು ಮಾತ್ರ ನನ್ನ ಜೊತೆ ಮಾತು ಬಿಡಬೇಡ ಅಕ್ಕಾ. ನೀನು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರೆ ನಾನು ಏನು ಮಾಡಲಿ?

ಈಗ ಮೂರೂ ಮುಕ್ಕಾಲು.

ನಿನ್ನ ನಂಬಿಕೆ ಉಳಿಸಿಕೊಳ್ಳದ,
ಕುಳ್ಳಿ

ಮರೆತಿದ್ದೆ: ಈ ಕಾಗದದ ಜೊತೆ ನರ್ಸಮ್ಮ ನಿನ್ನ ಮೇಜಿನ ಮೇಲೆ ಇಟ್ಟುಹೋದ ಕಪ್ಪು ಡಬ್ಬಿಯೇ ಮೇಡಂ ಅವರ ರೆಕಾರ್ಡರ್. ಅದು ಆಗಲೇ ಓಡುತ್ತಿದೆ. ಮೇಡಂ ಕೊಟ್ಟ ನೂರು ವಾಕ್ಯಗಳನ್ನು ಎರಡು ಸಲ ಓದಿದೆ, ಅದರಲ್ಲಿ ಬೈಗುಳ ಒಂದೂ ಇಲ್ಲ. ಮರಿಯನ್ನು ಬೆಳೆಸಲು ಅದೂ ಬೇಕಾಗುತ್ತದೆ. ನಾನು ಬಾಗಿಲ ಹೊರಗೇ ನಿಂತಿದ್ದೇನೆ. ಕರೆದು, ಬಾಯಿ ತುಂಬಾ ಬಯ್ಯಿ, ಅಲ್ಲಿಂದಲೇ ಶುರುಮಾಡೋಣ.