ಒಂಟಿಗಾಲಿನ ಚಡ್ಡಿ

ಹುಲ್ಲಹಳ್ಳಿ
ತಾ. 11-6-2001

ತಂಗಿ ಇಂದ್ರಾಣಿಗೆ ನಿನ್ನಣ್ಣ ಸಣ್ಣಯ್ಯ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಚೆನ್ನಾಗಿದ್ದೇವೆ. ಯುಗಾದಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ ಕಣವ್ವ. ನಾಲ್ಕನೇ ಕ್ಲಾಸು ಓದಿದವನಿಗೆ ಒಂದು ಕಾಗದ ಬರೆಯುವುದೆಂದರೆ ಒಂದು ಗದ್ದೆ ಉತ್ತಷ್ಟು ಸುಸ್ತು. ನಿನ್ನ ಅತ್ತಿಗೆ ಕೆಂಪಾಜಮ್ಮ ಪಕ್ಕದಲ್ಲೇ ಕೂತು ಅವರೆಕಾಳು ಆರಿಸುತ್ತಾ, "ತಂಗಿಗ್ ಬರೀತಿದ್ದೀಯೋ, ಪೊಲೀಸ್ನೋರ್‌ಗೆ ಯೋಳ್ಕೆ ಬರ್ಕೊಡ್ತಿದ್ದೀಯೋ? ಬೆವ್ರು ನೋಡು" ಅನ್ನುತ್ತಿದ್ದಾಳೆ.

ನಮ್ಮ ಕೋಮಲ ದೊಡ್ಡವಳಾದ ಸುದ್ದಿ ಕೇಳಿ ಬಹಳ ಸಂತೋಷವಾಯಿತು. ನಿನ್ನೆ ಬಾವ ಇಲ್ಲಿನ ಅಂಗಡಿಯ ಫೋನಿಗೆ ಮಾಡಿ ಹೇಳಿದರು. ಬರುವ ಭಾನುವಾರ ಶಾಸ್ತ್ರವಂತೆ. ಸೋದರಮಾವ ನಾನು, ಸೊಪ್ಪಿನ ಗುಡ್ಲು ಹಾಕಿ ಕೂಸನ್ನು ಅದರೊಳಗೆ ಕೂರಿಸಿ ಹೊಸ ಬಟ್ಟೆ ಕೊಡುವುದು ನನ್ನ ಪಾಲು. ಅಷ್ಟು ಹೇಳಿ ಫೋನ್ ಇಟ್ಟಿದ್ದರೆ ನಿನ್ನ ಗಂಡನನ್ನು ಮನುಷ್ಯ ಅನ್ನುತ್ತಿದ್ದೆ. ಇಡಲಿಲ್ಲ.

"ಬಟ್ಟೆ ಅಂಗ್ಡೀಲೇ ತಗಂಡ್ ಬಾ ಸಣ್ಣಯ್ಯ. ನೀನ್ ಒಲ್ದಿದ್ದ ತಂದ್‌ಗಿಂದೀಯ. ನಮ್ ಆಫೀಸ್ನೋರೆಲ್ಲ ಬತ್ತಾರೆ" ಅಂದರು.

"ಆಫೀಸ್ನೋರು ಲಂಗುದ್ ಒಲ್ಗೆ ಎಣ್ಸಾಕ್ ಬತ್ತಾರಾ ಬಾವ?" ಅಂದೆ.

"ತಮಾಸೆ ಬ್ಯಾಡ. ಚಡ್ಡಿ ಒಲಿಯೋನು ಚಡ್ಡಿ ಒಲ್ಕಂಡಿರು."

ಕೇಳಿದೆಯಾ ಮಾತನ್ನ? ನಿನ್ನ ಗಂಡ ಪುಟ್ಟಬಸವಯ್ಯನವರು ಕೆಲಸಕ್ಕೆ ಸೇರಿದ ದಿನದಿಂದ ಈ ಮೇಜಿನ ಫೈಲನ್ನು ಆ ಮೇಜಿಗೆ ಹೊರುತ್ತಿದ್ದಾರೆ, ಆ ಮೇಜಿನದನ್ನು ಈ ಮೇಜಿಗೆ. ನಾನೂ ಸೊಂಟ ಬೀಳುವ ತನಕ ಸಂತೆಯಲ್ಲಿ ಮೂಟೆ ಹೊತ್ತೆ. ನನ್ನ ಮೂಟೆಯೊಳಗೆ ಭತ್ತವಾದರೂ ಇರುತ್ತಿತ್ತು.

ನಾನು ಹೊಲಿಗೆ ಹಿಡಿದ ಕಥೆ ನಿನಗೆ ಸರಿಯಾಗಿ ಗೊತ್ತಿಲ್ಲ. ಹೆಂಗಸರ ಸಂಘದವರು ಹೊಲಿಗೆ ಮಿಷನ್ ಕೊಟ್ಟಿದ್ದು ನಿನ್ನ ಅತ್ತಿಗೆಗೆ. ಅವಳು ಅದರ ಮೇಲೆ ಈರುಳ್ಳಿ ಬುಟ್ಟಿ ಇಟ್ಟಳು. ಮನೆಯಲ್ಲಿ ಬಿದ್ದಿದ್ದ ನಾನು ಬುಟ್ಟಿ ಇಳಿಸಿ ಕೂತೆ. ಕಲಿಸಪ್ಪ ಅಂತ ನಮ್ಮೂರ ಟೈಲರ್ ನಂಜುಂಡನ ಹತ್ತಿರ ಹೋದರೆ, "ಮಾವ, ಕಲ್ತ್ರೆ ಪ್ಯಾಂಟೇ ಕಲಿ. ಚಡ್ಡಿ ಒಲ್ದ್ರೆ ಯಾವನ್ ಮರ್ವಾದೆ ಕೊಟ್ಟಾನು?" ಅಂದ. ಅವನು ಮೊದಲ ದಿನವೇ ಪ್ಯಾಂಟಿಗೆ ಕತ್ತರಿ ಹಾಕಿದ ಮಹಾನುಭಾವ. ಇವತ್ತಿಗೂ ಅವನು ಹೊಲಿದ ಪ್ಯಾಂಟ್ ಹಾಕಿಕೊಂಡವರು ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಾರೆ.

ನಾನು ಪಟಾಪಟಿ ಚಡ್ಡಿಯನ್ನೇ ಹಿಡಿದೆ. ಮೊದಲನೆಯದರಲ್ಲಿ ಲಾಡಿ ತೂರಿಸುವ ಮಡಿಕೆಯನ್ನು ಸುತ್ತಲೂ ಎಷ್ಟು ಭದ್ರವಾಗಿ ಹೊಲಿದೆನೆಂದರೆ, ಲಾಡಿ ಒಳಗೆ ಹೋಗಲು ಬಾಯಿಯನ್ನೇ ಬಿಟ್ಟಿರಲಿಲ್ಲ. ಎರಡನೆಯದಕ್ಕೆ ಬಟ್ಟೆಯನ್ನು ಅಡ್ಡ ಕತ್ತರಿಸಿಬಿಟ್ಟೆ, ಪಟ್ಟೆಗಳೆಲ್ಲ ಅಡ್ಡಡ್ಡ ಬಂದವು. ಅದನ್ನು ಹಾಕಿಕೊಂಡು ಅಂಗಳಕ್ಕೆ ಬಂದರೆ ಕೆಂಪಾಜಮ್ಮ, "ಅಯ್ಯೋ, ನಂಜ್ನಗೂಡ್ ರೈಲ್ವೆ ಗೇಟೇ ನಡ್ಕಂಡ್ ಬತ್ತಾ ಅದೆ, ಯಾರೂ ಅಡ್ಡ ಬರ್ಬೇಡ್ರಪ್ಪೋ" ಅಂತ ಬೀದಿಗೆಲ್ಲ ಕೂಗಿದಳು. ಬಿಚ್ಚಿದೆ, ಮತ್ತೆ ಹೊಲಿದೆ. ಬೇರೆ ಯಾವುದಕ್ಕೂ ಆಸೆ ಪಡಲಿಲ್ಲ. ಅದೇ ಚಡ್ಡಿ, ಅದೇ ಮಡಿಕೆ, ಮತ್ತೆ ಅದೇ ಚಡ್ಡಿ. ಬಟ್ಟೆಯನ್ನು ಎಳೆಯಬಾರದು, ಮಿಷನ್ನೇ ಅದನ್ನು ಕರೆದುಕೊಂಡು ಹೋಗುತ್ತದೆ, ಕೈ ದಾರಿ ತೋರಿಸಿದರೆ ಸಾಕು ಅನ್ನುವುದು ತಲೆಗೆ ಹೊಳೆಯಲಿಲ್ಲ, ಒಂದು ದಿನ ಕೈಗೇ ಹೊಳೆಯಿತು.

ಈಗ ಊರಿನ ಅರ್ಧ ಗಂಡಸರು ನನ್ನ ಚಡ್ಡಿಯಲ್ಲೇ ಇದ್ದಾರೆ. ಅರಳಿಕಟ್ಟೆಯ ಮೇಲೆ ಕಾಲು ಮಡಚಿ ಕೂತು, "ಏನ್ಲಾ ಚಡ್ಡಿ ಸಣ್ಣಯ್ಯ" ಅಂತ ನಗುತ್ತಾರೆ. ಮಾನಗೆಟ್ಟವರು. ಹಾಗೆ ನಗುವಾಗಲೂ ಅವರ ಮಾನ ನಿಂತಿರುವುದು ನಾನು ಹಾಕಿದ ಲಾಡಿಯ ಮೇಲೆ.

ಇನ್ನು ಲಂಗ ಅಂದರೆ ಏನವ್ವ? ಒಂಟಿಗಾಲಿನ ಚಡ್ಡಿ. ಅದೇ ನೇರ ಹೊಲಿಗೆ, ಅದೇ ಮಡಿಕೆ, ಅದೇ ಲಾಡಿ, ಮೇಲೆ ಒಂದಿಷ್ಟು ನೆರಿಗೆ. ಕೂಸು ಇವತ್ತಲ್ಲ ನಾಳೆ ದೊಡ್ಡವಳಾಗುತ್ತಾಳೆ ಅಂತ ಸುದ್ದಿ ಬರುವ ಮೊದಲೇ ಲಂಗ ಹೊಲಿದಿಟ್ಟಿದ್ದೇನೆ. ಕೋಮಲಳದ್ದಕ್ಕೆ ಕೈ ಹಾಕುವ ಮೊದಲು ಕೆಂಪಾಜಮ್ಮನ ಹಳೇ ಸೀರೆಗಳಲ್ಲಿ ಹೊಲಿದು ಹೊಲಿದು ಕೈ ಪಳಗಿಸಿದೆ. ನಮ್ಮ ಬೀದಿಯ ಹೆಣ್ಣುಮಕ್ಕಳೆಲ್ಲ ಈಗ ನಿನ್ನ ಅತ್ತಿಗೆಯ ಸೀರೆಯಲ್ಲೇ ಕುಂಟೆಬಿಲ್ಲೆ ಆಡುತ್ತಿವೆ. ಅವಳು ಪೆಟ್ಟಿಗೆ ತೆಗೆದು, "ನನ್ ಸೀರೆ ಎಲ್ಲೋದ್ವು?" ಅಂದರೆ, "ಬೀದೀಲವೆ, ಓಗ್ ಕರ್ಕಂಡ್ ಬಾ" ಅಂದೆ. ಕೂಸಿನದು ಗಿಣಿ ಹಸಿರು, ಕೆಂಪು ಅಂಚು. ನೆರಿಗೆ ಒಂದರ ಪಕ್ಕ ಒಂದು ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ಕೂತಿವೆ. ನಂಜುಂಡ ಬಂದು ಮುಂದೆ ಹಿಂದೆ ತಿರುಗಿಸಿ ನೋಡಿದ, ತಪ್ಪು ಸಿಗಲಿಲ್ಲ, "ಬಣ್ಣ ವಸಿ ಜಾಸ್ತಿ ಆಯ್ತು ಮಾವ" ಅಂದು ಹೋದ. ಬಣ್ಣ ನಾನು ಹೊಲಿದದ್ದಾ?

ಬಾವನಿಗೆ ಹೇಳು. ಅಂಗಡಿಯದ್ದು ಬೇಕಿದ್ದರೆ ಅಂಗಡಿಯವನನ್ನೇ ಸೋದರಮಾವ ಅಂತ ಕರೆಸಿ ಗುಡ್ಲು ಹಾಕಿಸಲಿ. ನಾನು ಬಂದರೆ ನನ್ನ ಲಂಗವೂ ಬರುತ್ತದೆ.

ಕೂಸು ನೂರು ಕಾಲ ಚೆನ್ನಾಗಿರಲಿ, ನಿನ್ನ ಮನೆ ತಣ್ಣಗಿರಲಿ.

ಇಂತಿ ನಿನ್ನ ಅಣ್ಣ
ಸಣ್ಣಯ್ಯ

ತಾ.ಕ.: ಕೆಂಪಾಜಮ್ಮ ನೀರಿಗೆ ಎದ್ದು ಹೋದಳು. ಇದನ್ನು ನೀನೊಬ್ಬಳೇ ಓದು. ಮೇಲೆ ಬಾವನನ್ನು ಸುಮ್ಮನೆ ಬೈದೆ. ಬೈಯುವುದಕ್ಕೆ ಅವರು ಸುಲಭ. ಹೋದ ತಿಂಗಳು ಕೂಸಿನ ಅಳತೆ ತೆಗೆದುಕೊಳ್ಳೋಣ ಅಂತ ನಾನು ಟಿ. ನರಸೀಪುರಕ್ಕೆ ಬಂದಿದ್ದೆ, ನಿನಗೆ ಹೇಳಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲೇ ಕೋಮಲ ಗೆಳತಿಯರ ಜೊತೆ ನಿಂತಿದ್ದಳು. "ಕೋಮ್ಲೀ" ಅಂತ ಕೂಗಿದೆ. ಕೊರಳಲ್ಲಿ ಅಳತೆ ಟೇಪು, ಕಾಲಲ್ಲಿ ಹವಾಯಿ ಚಪ್ಪಲಿ. "ಯಾರೇ ಅದು?" ಅಂತ ಒಬ್ಬಳು ಕೇಳಿದಳು. ಕೂಸು ನನ್ನ ಮುಖವನ್ನೇ ನೋಡಿಕೊಂಡು, "ಯಾರೋ ಊರೋರು" ಅಂದಳು. ನಾನು ಬಂದ ಬಸ್ಸಿನಲ್ಲೇ ವಾಪಸ್ ಹತ್ತಿದೆ. ಅಳತೆ ಕಣ್ಣಲ್ಲೇ ತೆಗೆದಿದ್ದು.

ಹಾಗಾಗಿ ಲಂಗ ತರುವುದಿಲ್ಲ. ನಾಳೆ ನಂಜನಗೂಡಿಗೆ ಹೋಗಿ ಅಂಗಡಿಯದ್ದೇ ತರುತ್ತೇನೆ. ನಾನು ಹೊಲಿದದ್ದನ್ನು ಪಕ್ಕದ ಮನೆ ಮರಿತಾಯಮ್ಮನ ಮೊಮ್ಮಗಳಿಗೆ ಕೊಡುತ್ತೇನೆ, ಅವಳು ದಿನಾ ಬಂದು ಅದನ್ನು ಮುಟ್ಟಿ ಮುಟ್ಟಿ ಹೋಗುತ್ತಾಳೆ. ಭಾನುವಾರ ಮೊದಲ ಬಸ್ಸಿಗೆ ಬಂದು, ನೆಂಟರು ಸೇರುವುದರೊಳಗೆ ಗುಡ್ಲು ಹಾಕಿ ಹೊರಟುಬಿಡುತ್ತೇನೆ. ಗುಡ್ಲು ಚೆನ್ನಾಗಿದೆ, ಯಾರು ಹಾಕಿದ್ದು ಅಂತ ಯಾರಾದರೂ ಕೇಳಿದರೆ, ಕೂಸಿನ ಬಾಯಲ್ಲಿ ಇನ್ನೊಂದು ಸಲ ಹೇಳಿಸಬೇಡ. ನೀನೇ ಹೇಳು, ಯಾರೋ ಊರೋರು ಅಂತ.