ಹೊಗೆ ಬಾರದ ಕುಳ್ಳು

ಕುಬಿಹಾಳ
೧೧ ಫೆಬ್ರುವರಿ ೧೯೮೫

ಸಭೆಯಲ್ಲಿ ನೆರೆದ ಮಹಾಜನರೇ, ಮಾತೆಯರೇ, ಅರ್ಜಿಯಲ್ಲಿ ಗಂಡನ ಹೆಸರು ಕಂಡು ಅಣ್ಣಿಗೇರಿಯ ತವರಿಗೆ ಮುನಿಸಿಕೊಂಡು ಹೋದ ಶ್ರೀಮತಿ ಕಸ್ತೂರೆವ್ವನವರೇ,

ಭಾಷಣದ ಚಟ ನನಗೆ ಕಾಗದದಲ್ಲೂ ಬಿಡದು. ನೀನು ಶೇಂಗಾ ಸಿಪ್ಪೆಯಿಂದ ಮಾಡಿದ ಕುಳ್ಳು ನೋಡಲು ಇಂದು ಸಬ್ಸಿಡಿ ಸಾಹೇಬರು ಬಂದಿದ್ದರು. ಅರ್ಜಿಯಲ್ಲಿ ಕುಳ್ಳಿಗೆ ನಾನು ‘ಇಂಧನ ಇಟ್ಟಿಗೆ’ ಎಂದು ಘನವಾದ ಹೆಸರಿಟ್ಟದ್ದರಿಂದ, ಪಾಪ, ಊರೆಲ್ಲ ಇಟ್ಟಂಗಿ ಭಟ್ಟಿ ಹುಡುಕಿ ಬೆವೆತಿದ್ದರು. ಒಲೆ ಹೊತ್ತಿಸಿದೆ. ಸಾಹೇಬರು ಒಮ್ಮೆಯೂ ಕೆಮ್ಮಲಿಲ್ಲ.

“ಹೊಗಿ ಯಾಕ ಬರವಲ್ದು? ಏನ ಕಲಸೀರಿ ಇದಕ್ಕ?”

“ಬಗೆ ಹೊಸದು, ಹೊಗೆ ಬರದು,” ಎಂದೆ.

“ಪ್ರಾಸಕ್ಕ ಸಬ್ಸಿಡಿ ಇಲ್ರಿ, ಈರಬಸಪ್ನವರ. ಕಂಡುಹಿಡದವ್ರು ನೀವ ಹೌದಿಲ್ಲೋ?”

“ಅಲ್ರಿ, ನಮ್ಮ ಮನಿಯಾಕಿ,” ಎಂದೆ. ಹೇಳುವಾಗ ಎದೆಯುಬ್ಬಿ ಅಂಗಿಯ ಗುಂಡಿಗಳು ಬಿಗಿಯಾದವು. ಅರ್ಜಿಯಲ್ಲಿ ನನ್ನ ಹೆಸರು ಹೊಡೆದುಹಾಕಿ ನಿನ್ನ ಹೆಸರು ಬರೆದೆ. ಬರುವ ಸೋಮವಾರ ಅವರೆದುರು ನೀನೇ ಕಲಸಿ ತೋರಿಸದಿದ್ದರೆ ಅರ್ಜಿ ರದ್ದಾಗುತ್ತದೆ. ರವಿವಾರದ ಬಸ್ಸಿಗೆ ಬಾ. ಸಿಪ್ಪೆ ಕುಟ್ಟಿ ಇಟ್ಟಿರುತ್ತೇನೆ.

ಇನ್ನೊಂದು ಮಾತು. ಅರ್ಜಿಯಲ್ಲಿ ನನ್ನ ಹೆಸರು ಬಿದ್ದದ್ದು ಗುಮಾಸ್ತನ ತಪ್ಪೆಂದು ನಿನಗೆ ಹೇಳಿದ್ದೆ. ಬರೆದವನು ನಾನೇ, ಕಸ್ತೂರಿ.

ಇಂತು,
ಅರ್ಜಿದಾರಳ ಗಂಡ
ಈರಬಸಪ್ಪ